ಕರೆಂಟು ಹೋದ ಜಾಗದಿಂದ ಮುಂದೆ

ನನ್ನನ್ನು ಮೊದಲ ಸಲ ನೋಡಿದವರು ತಂಬಾಕಿನ ಡಬ್ಬಿ ಎಂದುಕೊಳ್ಳುತ್ತಾರೆ. ಒಬ್ಬ ಮುದುಕ ಉಗುರು ಹಾಕಿ ಮುಚ್ಚಳ ತೆರೆಯಲೂ ನೋಡಿದ್ದ. ಅವನದೇನು ತಪ್ಪು? ಗಾತ್ರವೂ ಅಷ್ಟೇ, ಬಣ್ಣವೂ ಕಪ್ಪು. ಆದರೆ ನಾನು ಹಾರ್ಡ್ ಡಿಸ್ಕ್. ಹೊಟ್ಟೆಯೊಳಗೆ ಕನ್ನಡಿಯಂತೆ ಹೊಳೆಯುವ ಬಿಲ್ಲೆ, ಅದರ ಮೇಲೆ ಆಡುವ ಒಂದು ಸಣ್ಣ ಸೂಜಿ, ಬೆನ್ನಿಗೆ ಗೇಣುದ್ದದ ವೈರು. ನನ್ನ ಆಸ್ತಿ ಇಷ್ಟೇ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಧೂಳಿಗೆ ಪ್ರವೇಶವಿಲ್ಲ. ಕೆಲಸದವರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟು, ಬಾಯಿ ಮೂಗು ಮುಚ್ಚಿಕೊಂಡು, ಹಸುಗೂಸನ್ನು ಎತ್ತುವಂತೆ ನನ್ನನ್ನು ಎತ್ತುತ್ತಿದ್ದರು. ಒಂದು ಕಣ ಧೂಳು ಒಳಗೆ ಹೋದರೂ ನನ್ನ ಕಥೆ ಮುಗಿಯಿತು ಎಂದು ಅವರ ಅಂಜಿಕೆ. ಅಂಥ ಮಡಿಯಲ್ಲಿ ಹುಟ್ಟಿದ ನಾನು ಬದುಕಿದ್ದು ಎಲ್ಲಿ ಗೊತ್ತೇ? ಬೆಟಗೇರಿಯ ನೇಕಾರರ ಓಣಿಯಲ್ಲಿ, ಗಾಳಿಗಿಂತ ಹತ್ತಿಯ ಧೂಳೇ ಹೆಚ್ಚಿರುವ ಮನೆಯಲ್ಲಿ. ಹಣೆಬರಹ ಅಂದರೆ ಇದೇ.

ಹುಬ್ಬಳ್ಳಿಯ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಕೆಲ ಕಾಲ ಇದ್ದೆ. ನನ್ನ ಜೊತೆಯವರು ಫೋಟೋ ಸ್ಟುಡಿಯೋಗೆ, ಆಫೀಸಿಗೆ ಅಂತ ಹೊರಟುಹೋದರು. ನಾನೂ ಯಾವುದಾದರೂ ತಂಪು ಕೋಣೆಗೆ ಹೋಗುತ್ತೇನೆ ಎಂದುಕೊಂಡಿದ್ದೆ. ಒಂದು ದಿನ ಮಾರ್ತಂಡಪ್ಪ ಮತ್ತು ಅವನ ಹೆಂಡತಿ ಬನಶವ್ವ ಬಂದರು. ಅವನ ಅಂಗಿಗೆ ನೂಲಿನ ಎಳೆ ಅಂಟಿತ್ತು. ಅವಳು ನನ್ನನ್ನು ಅಂಗೈಯಲ್ಲಿಟ್ಟುಕೊಂಡು ಬೆಲ್ಲದ ಹೆಂಟೆಯ ತೂಕ ನೋಡುವಂತೆ ನೋಡಿ, "ಇದರಾಗ ಧಾರಾವಾಹಿ ಹಿಡೀತೈತೇನ್ರಿ?" ಎಂದು ಕೇಳಿದಳು.

"ಹಿಡೀತೈತ್ರಿ ಯವ್ವಾ. ಊರಾಗಿನ ಧಾರಾವಾಹಿ ಎಲ್ಲಾ ಹಿಡೀತೈತಿ," ಎಂದ ಅಂಗಡಿಯವ. ಹಾಗೆ ನಾನು ಬೆಟಗೇರಿ ಸೇರಿದೆ.

ಆ ಮನೆಗೆ ನಾನು ಯಾಕೆ ಬೇಕಾಗಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಅವರದು ಕರೆಂಟಿನ ಮಗ್ಗ. ಕರೆಂಟು ಇದ್ದಾಗ ಮಗ್ಗ ಓಡಲೇಬೇಕು, ಇಲ್ಲದಿದ್ದರೆ ಒಲೆ ಉರಿಯುವುದಿಲ್ಲ. ಟಿವಿ ನೋಡಲೂ ಕರೆಂಟೇ ಬೇಕು. ಇದ್ದಾಗ ಕೆಲಸ, ಕೆಲಸವಿಲ್ಲದಾಗ ಕರೆಂಟಿಲ್ಲ. ಹೀಗಾಗಿ ಮನೆಯಲ್ಲಿ ಟಿವಿ ಇದ್ದೂ ಯಾರೂ ಒಂದು ಕಥೆಯನ್ನು ತಲೆಯಿಂದ ಬಾಲದವರೆಗೆ ನೋಡಿರಲಿಲ್ಲ. ಆದರೆ ನೇಕಾರರಿಗೆ ಒಂದು ಪದ್ಧತಿ ಉಂಟು. ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಅಂದು ಮಗ್ಗಕ್ಕೆ ಎಣ್ಣೆ ಹಾಕಿ, ಕಾಯಿ ಒಡೆದು, ಕೈಕಟ್ಟಿ ಕೂರುತ್ತಾರೆ. ತಿಂಗಳಿಡೀ ನಾನು ಹಿಡಿದಿಟ್ಟದ್ದನ್ನು ಆ ಒಂದು ದಿನ ಕೂತು ನೋಡಬೇಕು ಎಂಬುದು ಬನಶವ್ವನ ಲೆಕ್ಕಾಚಾರ. ಹೆಣ್ಣುಮಗಳು ಜಾಣೆ.

ಛತ್ರಿ ಕೂರಿಸುವ ದಾವಲಸಾಬ ಬಂದು ನನ್ನ ವೈರನ್ನು ಟಿವಿಯ ಸೆಟ್‌ಟಾಪ್ ಬಾಕ್ಸಿನ ಬೆನ್ನಿಗೆ ಚುಚ್ಚಿದ. ಮನೆಯ ಮೇಲಿನ ತಟ್ಟೆಯಾಕಾರದ ಆಂಟೆನಾಕ್ಕೆ ನಮ್ಮ ಕಡೆ ಛತ್ರಿ ಎನ್ನುತ್ತಾರೆ. ಬಾಕ್ಸು ಟಿವಿಯ ಮೇಲೆ ಒಂದು ಪ್ರಶ್ನೆ ಕೇಳಿತು: ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ? "ಒಳಗಿದ್ದದ್ದೆಲ್ಲಾ ತೊಳದು ಹೊಸಾದು ಮಾಡ್ಲ್ಯಾ ಅಂತ ಕೇಳ್ತೈತ್ರಿ," ಎಂದು ದಾವಲಸಾಬ ಓಕೆ ಒತ್ತಿದ. ಅಲ್ಲಿಂದ ನನಗೂ ಆ ಬಾಕ್ಸಿಗೂ ನಂಟು ಬಿತ್ತು.

ಆಕಾಶದಿಂದ ಬಂದದ್ದನ್ನು ಬಾಕ್ಸು ಹಿಡಿಯುತ್ತಿದ್ದ, ನಾನು ಇಟ್ಟುಕೊಳ್ಳುತ್ತಿದ್ದೆ. ಆದರೆ ಅವನೊಬ್ಬ ಭಾರಿ ಅನುಮಾನದ ಮನುಷ್ಯ. ಪ್ರತಿಯೊಂದನ್ನೂ ಬೀಗ ಹಾಕಿಯೇ ನನ್ನ ಕೈಗೆ ಕೊಡುತ್ತಿದ್ದ. ಕೀಲಿಕೈ ತನ್ನ ಹತ್ತಿರವೇ. ಅವನು ಎದುರಿಗಿಲ್ಲದಿದ್ದರೆ ನಾನು ಹೊತ್ತ ಸರಕು ಯಾರಿಗೂ ಬಿಚ್ಚುವುದಿಲ್ಲ. ಈ ಸಂಗತಿ ಮನೆಯವರಿಗೆ ಗೊತ್ತಿರಲಿಲ್ಲ, ದಾವಲಸಾಬನಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನನ್ನು ಕೇಳುವವರು ಯಾರು?

ನನ್ನ ಜಾಗ ಟಿವಿಯ ಕೆಳಗಿನ ಗೂಡಿನಲ್ಲಿ. ಅಲ್ಲಿಂದ ಕಾಣುವುದು ಕಾಲುಗಳೇ. ಮಾರ್ತಂಡಪ್ಪನ ಕಾಲಿಗೆ ಮಗ್ಗದ ಎಣ್ಣೆಯ ಕಲೆ. ಬನಶವ್ವನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವರ ಮಗಳು ವನಜಾಳದು ಆಗ ಕುಂಟೆಬಿಲ್ಲೆ ಆಡುವ ಕಾಲು. ಇನ್ನೊಂದು ಜೋಡಿ ಕಾಲು ದಿನಾ ಬೆಳಿಗ್ಗೆ ಬಂದು ನನ್ನ ಎದುರಿಗೇ ಚಕ್ಕಳಮಕ್ಕಳ ಹಾಕುತ್ತಿತ್ತು. ಅದು ಕಾಶವ್ವ. ಮಾರ್ತಂಡಪ್ಪನ ಅಕ್ಕ, ವನಜಾಳ ಸೋದರತ್ತೆ. ಅದೇ ಓಣಿಗೆ ಕೊಟ್ಟಿದ್ದರು. ತಮ್ಮನ ಮನೆಗೆ ಬಂದು ರಾಟಿ ತಿರುವುತ್ತ, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ಅವಳ ಕೆಲಸ.

ಕಾಶವ್ವ ಹಾಡುಗಾರ್ತಿ. ಮಗ್ಗದ ಸದ್ದನ್ನು ಸೀಳಿಕೊಂಡು ಬರುವ ದನಿ. ಓಣಿಯಲ್ಲಿ ಯಾರ ಮದುವೆಯಾದರೂ ಅರಿಷಿಣದ ಹಾಡು ಅವಳದೇ. ಅವರಲ್ಲಿ ಸೋದರತ್ತೆ ಹಾಡಿ, ಮೊದಲ ಅರಿಷಿಣ ಮುಟ್ಟಿಸಿದ ಮೇಲೆಯೇ ಉಳಿದವರು ಹಚ್ಚಬೇಕು. ವನಜಾಳಿಗೆ ಜಡೆ ಹಾಕುವಾಗಲೆಲ್ಲ ಕಾಶವ್ವ, "ನಿನ್ನ ಅರಿಷಿಣಕ್ಕ ನಾನ ಹಾಡಾಕಿ. ನಾ ಹಾಡೂತನಕ ಯಾರರ ಮುಟ್ಟಿದ್ರ ಕೈ ಮುರೀತೀನಿ," ಎನ್ನುತ್ತಿದ್ದಳು. ಯಾರಾದರೂ ಫೋನು ಹಿಡಿದು ಹಾಡು ತುಂಬಿಕೊಳ್ಳಲು ಬಂದರೆ ಸಿಟ್ಟು. "ಮಾರಿ ಮುಂದ ಅದನ್ನ ಹಿಡೀಬ್ಯಾಡ್ರಿ, ಪದ ಮರತು ಹೋಗ್ತಾವ!"

ಆದರೆ ಒಂದು ಸಲ ಟಿವಿಯವರ ಮುಂದೆ ಹಾಡಿದಳು. ಯಾವುದೋ ಚಾನೆಲ್‌ನವರು ಪಕ್ಕದ ಗದಗಿಗೆ ಬಂದು ಹೆಣ್ಣುಮಕ್ಕಳ ಹಾಡು ಚಿತ್ರಿಸಿಕೊಂಡು ಹೋದರು. ಅದು ಬರುವ ದಿನ ಬನಶವ್ವ ಬೆಳಿಗ್ಗೆಯೇ ಬಾಕ್ಸಿಗೆ ಹೊತ್ತು ಗೊತ್ತುಮಾಡಿಟ್ಟಳು. ಮಧ್ಯಾಹ್ನ ನನ್ನ ಬಿಲ್ಲೆ ತಿರುಗಿತು. ಕಾಶವ್ವ ಇಳಕಲ್ಲ ಸೀರೆ ಉಟ್ಟು, ಸೆರಗು ಹೊದ್ದು, ಕಣ್ಣು ಮುಚ್ಚಿ ಹಾಡುತ್ತಿದ್ದಳು.

"ಅರಿಷಿಣ ಹಚ್ಚೇನ ಅಂಗೈಲಿ ತೀಡೇನ
ಮಗ್ಗದ ಮನಿಯ ಮಗಳೀಗೆ | ನಮ್ಮವ್ವ
ಹಾಸು ಹೊಕ್ಕಾಗಿ ಬಾಳವ್ವ

ಹಾಸಿನ ಎಳಿ ನೂರು..."

ಅಷ್ಟೇ. ಕರೆಂಟು ಹೋಯಿತು. ಬಾಕ್ಸಿನ ಕಣ್ಣು ಆರಿತು, ನನ್ನ ಬಿಲ್ಲೆ ನಿಂತಿತು, ಒಳಮನೆಯಲ್ಲಿ ಮಗ್ಗವೂ ನಿಂತಿತು. ಬನಶವ್ವ ಎದ್ದು ಕರೆಂಟಿನವರ ಏಳು ತಲೆಮಾರನ್ನೂ ಬೈದಳು. ಕರೆಂಟು ಬರುವ ಹೊತ್ತಿಗೆ ಟಿವಿಯಲ್ಲಿ ಸೋಪಿನ ಜಾಹೀರಾತು.

ಆದರೂ ಮುಂದಿನ ಅಮಾವಾಸ್ಯೆಗೆ ಓಣಿಯ ಹೆಂಗಸರೆಲ್ಲ ಬಂದು ಕೂತರು. ನಾನು ಇದ್ದಷ್ಟನ್ನು ಹಾಡಿದೆ. "ಹಾಸಿನ ಎಳಿ ನೂರು" ಅಂದಲ್ಲಿಗೆ ಟಿವಿ ಗಪ್‌ಚಿಪ್. ಎಲ್ಲರೂ ಅಯ್ಯೋ ಎನ್ನುವಷ್ಟರಲ್ಲಿ, ಕೂತಲ್ಲಿಂದಲೇ ಕಾಶವ್ವ ಮುಂದಿನ ಪದ ಎತ್ತಿಕೊಂಡಳು. ಟಿವಿಯ ಕಾಶವ್ವ ಬಿಟ್ಟದ್ದನ್ನು ನೆಲದ ಮೇಲಿನ ಕಾಶವ್ವ ಹಿಡಿದು ಮುಗಿಸಿದಳು. ಹೆಂಗಸರು ಬಿದ್ದುಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. ಅಲ್ಲಿಂದ ಅದೇ ಒಂದು ರೂಢಿಯಾಯಿತು. ಪ್ರತಿ ಅಮಾವಾಸ್ಯೆಗೆ ಧಾರಾವಾಹಿಗಿಂತ ಮೊದಲು ಈ ಹಾಡು. ಎಷ್ಟೋ ಧಾರಾವಾಹಿಗಳನ್ನು ಅಳಿಸಿ ಹೊಸದಕ್ಕೆ ಜಾಗ ಮಾಡಿದರು. ಇದನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಮಹಾನವಮಿಯಲ್ಲಿ ಆಯುಧಗಳನ್ನು ಪೂಜಿಸುವಾಗ ಮಗ್ಗ, ಲಾಳಿ, ರಾಟಿಗಳ ಜೊತೆಗೆ ನಮ್ಮಿಬ್ಬರಿಗೂ ಕುಂಕುಮ. ಕಾಶವ್ವ ಮಗ್ಗದ ಕೆಂಪು ನೂಲನ್ನು ಹೊಸೆದು ನನಗೊಂದು, ಬಾಕ್ಸಿಗೊಂದು ಕಟ್ಟಿದಳು. ಅದು ನೇಕಾರರ ಗಂಟು. ಹರಿದ ಎಳೆ ಜೋಡಿಸಲು ಅವರು ಒಂದೇ ಕೈಯಲ್ಲಿ ಹಾಕುವ, ಎಳ್ಳಿನಷ್ಟು ಸಣ್ಣ ಗಂಟು. ಬಿಚ್ಚಲು ಬರುವುದಿಲ್ಲ. "ಇವೂ ನಮ್ಮ ಮನಿ ದುಡಿಯೂ ಕೈ ಅಲ್ಲೇನ?" ಎಂದಳು. ನನ್ನ ಜಾತಿಯವರಲ್ಲಿ ಎಷ್ಟು ಮಂದಿಗೆ ಇಂಥ ಮರ್ಯಾದೆ ಸಿಕ್ಕಿದೆ? ನನಗೆ ಸ್ವಲ್ಪ ಸೊಕ್ಕು ಬಂದದ್ದು ಸುಳ್ಳಲ್ಲ.

ಕೆಲವು ವರ್ಷ ಹೀಗೇ ನಡೆಯಿತು. ವನಜಾ ದೊಡ್ಡವಳಾದಳು. ಆಮೇಲೆ ಕಾಶವ್ವನ ಗಂಟಲಿಗೆ ಕೆಟ್ಟ ರೋಗ ಬಂತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಮರಳಿ ಬಂದಾಗ ಕೊರಳ ಸುತ್ತ ಸೆರಗು ಬಿಗಿದುಕೊಂಡಿದ್ದಳು. ಯಾರನ್ನಾದರೂ ಕರೆಯಬೇಕಾದರೆ ಚಪ್ಪಾಳೆ, ಉಳಿದದ್ದಕ್ಕೆ ಕೈಸನ್ನೆ. ರಾಟಿಯ ಮುಂದೆ ಮತ್ತೆ ಬಂದು ಕೂತಳು. ಆದರೆ ರಾಟಿಯ ಸದ್ದೊಂದೇ ಕೇಳುತ್ತಿತ್ತು. ನನಗೆ ಬಹಳ ಕೆಟ್ಟದೆನಿಸಿತು.

ಆ ಅಮಾವಾಸ್ಯೆಗೆ ರೂಢಿಯಂತೆ ಯಾರೋ ಹಾಡು ಹಚ್ಚಿಬಿಟ್ಟರು. "ಹಾಸಿನ ಎಳಿ ನೂರು" ಅಂದಲ್ಲಿಗೆ ನಿಂತಿತು. ಎಲ್ಲರ ಮುಖವೂ ಅಭ್ಯಾಸಬಲದಿಂದ ಕಾಶವ್ವನ ಕಡೆ ತಿರುಗಿತು. ಅವಳು ಎದ್ದು ಬಂದು, ನನ್ನ ವೈರು ಕಿತ್ತು, ಕಂಡಿಕೆಯ ಬುಟ್ಟಿಯ ತಳಕ್ಕೆ ನನ್ನನ್ನು ಹಾಕಿದಳು. ಅವಳ ಎದುರಿಗೆ ನನ್ನ ಹೆಸರೆತ್ತುವ ಧೈರ್ಯ ಯಾರಿಗೂ ಆಗಲಿಲ್ಲ.

ನಾನು ಬುಟ್ಟಿಯಲ್ಲಿದ್ದಾಗಲೇ ಆ ಅನಾಹುತ ನಡೆದದ್ದು. ಹಳೆಯ ಬಾಕ್ಸು ಕೊಟ್ಟರೆ ಹೊಸ ಬಾಕ್ಸು, ಚಿತ್ರ ನೀರಿನಂತೆ ತಿಳಿ ಬರುತ್ತದೆ ಎಂದು ದಾವಲಸಾಬ ಬಂದ. ಬನಶವ್ವ ಮೆಲ್ಲಗೆ ಕೇಳಿದಳು: "ನಮ್ಮ ಕಾಶಕ್ಕನ ಹಾಡು ಹೋಗಂಗಿಲ್ಲಲ್ಲ?"

"ಅದೆಲ್ಲಾ ಡಿಸ್ಕಿನ್ಯಾಗ ಇರ್ತೈತ್ರಿ ವೈನಿ. ಬಾಕ್ಸ್ ಅಂದ್ರ ಬರೇ ಖಾಲಿ ಡಬ್ಬಿ," ಎಂದ ದಾವಲಸಾಬ. ಅವನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಬುಟ್ಟಿಯ ತಳದಲ್ಲಿ ನಾನು ಬಾಯಿಬಡಿದುಕೊಂಡೆ. ಡಿಸ್ಕಿಗೆ ಬಾಯಿ ಎಲ್ಲಿಂದ ಬರಬೇಕು? ಕೀಲಿಕೈ ಹೊತ್ತವನು ದಾವಲಸಾಬನ ಚೀಲದಲ್ಲಿ ಕೂತು ಹೊರಟುಹೋದ.

ವನಜಾಳಿಗೆ ರಬಕವಿಯ ನೇಕಾರರ ಮನೆಯ ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು, ಎಲ್ಲರಿಗೂ ಹಿಗ್ಗು. ಆದರೆ ಓಣಿಯ ಹೆಂಗಸರು ಗುಸುಗುಸು ಶುರುಮಾಡಿದರು, ಅರಿಷಿಣಕ್ಕೆ ಹಾಡುವವರು ಯಾರು ಅಂತ. ಬೇರೆ ಊರಿನಿಂದ ಯಾರನ್ನಾದರೂ ಕರೆಸೋಣ ಎಂದಳು ಬನಶವ್ವ. ವನಜಾ ಒಂದೇ ಮಾತಿನಲ್ಲಿ ಮುಗಿಸಿದಳು: "ಅತ್ತಿ ಹಾಡದ ನಾ ಅರಿಷಿಣದ ಮಣಿ ಮ್ಯಾಲ ಕುಂದ್ರಂಗಿಲ್ಲ."

"ಏ ಹುಚ್ಚಿ, ಅತ್ತಿ ಹ್ಯಾಂಗ ಹಾಡ್ಬೇಕ?" ಎಂದು ಬಾಯಿಗೆ ಬಂದದ್ದನ್ನು ಆಡಿಬಿಟ್ಟು ಬನಶವ್ವ ನಾಲಿಗೆ ಕಚ್ಚಿಕೊಂಡಳು. ರಾಟಿ ನಿಂತಿತು. ಕಾಶವ್ವನ ಕೈ ಬುಟ್ಟಿಯೊಳಗೆ ಬಂತು. ಕಂಡಿಕೆಗಳನ್ನು ಸರಿಸಿ ನನ್ನನ್ನು ಹೊರತೆಗೆದು, ಮೈಮೇಲಿನ ಹತ್ತಿಯ ಧೂಳನ್ನು ಸೆರಗಿನಿಂದ ಒರೆಸಿ, ವನಜಾಳ ಉಡಿಯಲ್ಲಿ ಇಟ್ಟಳು. ವನಜಾ ಅತ್ತೆಯ ಮೊಣಕಾಲಿಗೆ ಮುಖವಿಟ್ಟು ಅತ್ತುಬಿಟ್ಟಳು.

ಹೊಸ ಬಾಕ್ಸಿಗೆ ನನ್ನನ್ನು ಜೋಡಿಸಿದರು. ಅದಕ್ಕೆ ನನ್ನ ಗುರುತೇ ಇಲ್ಲ. ನೇರವಾಗಿ ಫಾರ್ಮ್ಯಾಟ್ ಮಾಡಲೇ ಎಂಬ ಆ ಪ್ರಶ್ನೆ ಎಸೆಯಿತು. ಮಾರ್ತಂಡಪ್ಪ ರಿಮೋಟು ಕೈಗೆತ್ತಿಕೊಂಡ. ಅವನೋ, ಟಿವಿ ಏನು ಕೇಳಿದರೂ ಓಕೆ ಎನ್ನುವವನು. "ಏನೋ ಕೇಳಾಕತ್ತೈತಿ. ಹೂಂ ಅಂದಬಿಡೂಣು," ಎಂದು ಹೆಬ್ಬೆರಳು ಎತ್ತಿದ.

"ಅಪ್ಪಾ! ಎಲ್ಲಾ ಅಳಸಲೇನು ಅಂತ ಕೇಳಾಕತ್ತೈತಿ!" ಎಂದು ವನಜಾ ಚೀರಿದಳು. ಪಕ್ಕದಲ್ಲೇ ಇದ್ದ ಕಾಶವ್ವ ತಮ್ಮನ ಕೈಗೆ ಫಟ್ ಅಂತ ಒಂದು ಕೊಟ್ಟಳು. ರಿಮೋಟು ಹಾರಿ ಮಗ್ಗದ ಕೆಳಗೆ ಬಿತ್ತು. ನನ್ನ ಜೀವ ಹೋಗಿ ಬಂತು.

ಮರುದಿನ ವನಜಾ ನನ್ನನ್ನು ಕಂಪ್ಯೂಟರ್ ಅಂಗಡಿಗೆ ಒಯ್ದಳು. ಅಲ್ಲಿಯವನು ನೋಡಿ, "ಇದರಾಗ ಎಲ್ಲಾ ಐತಿ. ಆದ್ರ ಹಳೇ ಬಾಕ್ಸ್ ಇದ್ರ ಅಷ್ಟ ತೆರೀತೈತಿ ತಂಗಿ. ಆ ನಮೂನಿ ಬ್ಯಾರೇದ ತಂದ್ರೂ ನಡಿಯಂಗಿಲ್ಲ, ಅದ ಬಾಕ್ಸ್ ಬೇಕು," ಎಂದ. ನಾನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟು ಕೊನೆಗೂ ಹೊರಬಿತ್ತು. ಚಾನೆಲ್‌ನವರನ್ನು ಕೇಳೋಣವೆಂದರೆ ಆ ಕಾರ್ಯಕ್ರಮವೇ ನಿಂತುಹೋಗಿತ್ತು, ಫೋನು ಎತ್ತುವವರಿರಲಿಲ್ಲ. ಫೋನಿನಲ್ಲಿ ಹುಡುಕಿದರೂ ಸಿಗಲಿಲ್ಲ. ಕಾಶವ್ವನ ದನಿ ಭೂಮಿಯ ಮೇಲೆ ನನ್ನೊಬ್ಬನ ಹೊಟ್ಟೆಯಲ್ಲಿತ್ತು, ಅದೂ ಬೀಗ ಹಾಕಿಕೊಂಡು.

ದಾವಲಸಾಬನ ಅಂಗಡಿಗೆ ಎಲ್ಲರೂ ಹೋದರು. ಸುದ್ದಿ ಕೇಳಿ ಅವನ ಮುಖ ಬಿಳುಚಿತು. "ಯಾ ಅಲ್ಲಾ, ನಾ ಏನ್ ಮಾಡಿಬಿಟ್ಟೆ!" ಎಂದು ಅಟ್ಟದಿಂದ ಹಳೆಯ ಬಾಕ್ಸುಗಳ ಗೋಣಿಚೀಲ ಎಳೆದು ಸುರಿದ. ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ. ಒಂದೊಂದಕ್ಕೂ ನನ್ನನ್ನು ಚುಚ್ಚಿ ನೋಡೋಣ ಎಂದ ಮಾರ್ತಂಡಪ್ಪ. ಕಾಶವ್ವ ಕೈ ಅಡ್ಡ ಹಿಡಿದಳು. ಗಾಳಿಯಲ್ಲಿ ಎರಡು ಬೆರಳಿನಿಂದ ಗಂಟು ಹಾಕಿ ತೋರಿಸಿದಳು. ವನಜಾಳಿಗೆ ಹೊಳೆಯಿತು. "ಕೆಂಪು ದಾರ! ಅತ್ತಿ ಕಟ್ಟಿದ್ದ ದಾರ!"

ಒಂದೊಂದನ್ನೂ ಮಗುಚಿ ನೋಡಿದರು. ಯಾವುದಕ್ಕೂ ದಾರವಿರಲಿಲ್ಲ. ವನಜಾ ಚೀಲ ಜಾಡಿಸಿ ಮತ್ತೊಮ್ಮೆ ನೋಡಿದಳು. ದಾವಲಸಾಬ ತಲೆಯ ಮೇಲೆ ಕೈಹೊತ್ತವನು ಒಮ್ಮೆಲೇ ಎದ್ದ. "ಕೆಂಪು ದಾರ ಅಂದ್ರ್ಯಾ? ತಡೀರಿ, ತಡೀರಿ. ಅದು ನಮ್ಮ ಅತ್ತಿ ಮನ್ಯಾಗ ಐತಿ! ಮುಳಗುಂದದಾಗ!"

ಅವನ ಟಂಟಂ ಗಾಡಿಯಲ್ಲಿ ಎಲ್ಲರೂ ಮುಳಗುಂದಕ್ಕೆ ಹೊರಟರು. ನಾನು ಕಾಶವ್ವನ ಸೆರಗಿನ ಗಂಟಿನಲ್ಲಿದ್ದೆ. ದಾವಲಸಾಬನ ಅತ್ತೆಯ ಮನೆಯಲ್ಲಿ ಟಿವಿಯ ಪಕ್ಕ ನನ್ನ ಬಾಕ್ಸು ಕೂತಿದ್ದ. ಬಣ್ಣ ಮಾಸಿದ ದಾರ ಹಾಗೇ ಇತ್ತು. ಅದು ಯಾವುದೋ ದರ್ಗಾದ ದಾರ ಎಂದು ತಿಳಿದು ಆ ಮುದುಕಿ ಜತನ ಮಾಡಿದ್ದಳು. ಬಾಕ್ಸು ಬೇಕೆಂದು ಕೇಳಿದರೆ, "ಬಾಕ್ಸ್ ಒಯ್ರಿ, ದಾರ ಕೊಡಂಗಿಲ್ಲ. ಇದು ಬಂದ ಮ್ಯಾಲ ನಮ್ಮನ್ಯಾಗ ಚಲೋ ಆಗೈತಿ," ಎಂದು ಪಟ್ಟು ಹಿಡಿದಳು. ಕಾಶವ್ವ ನಕ್ಕಳು. ಆಪರೇಷನ್ ಆದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೊಂಟದಲ್ಲಿ ಸಿಗಿಸಿಕೊಂಡಿದ್ದ ನೂಲಿನ ಉಂಡೆಯಿಂದ ಎಳೆ ಹರಿದು, ಹೊಸೆದು, ಮುದುಕಿಯ ಮುಂಗೈಗೇ ಕಟ್ಟಿ, ಕಣ್ಣುಮುಚ್ಚಿ ತೆರೆಯುವುದರೊಳಗೆ ಅದೇ ಗಂಟು ಹಾಕಿದಳು. ಮುದುಕಿ ಎರಡೂ ಗಂಟುಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಹಂಗಾದ್ರ ಇದು ನಿನ್ನ ಕೈಯಿಂದೇನ ಯವ್ವಾ? ಇಷ್ಟು ದಿನಾ ನಿನಗ ಸಲಾಮ್ ಹೊಡದೀನಲ್ಲ!" ಎಂದಳು. ಮಾರ್ತಂಡಪ್ಪ ತಮ್ಮ ಹೊಸ ಬಾಕ್ಸನ್ನೇ ಅವಳಿಗೆ ಕಳಿಸಿಕೊಡುವುದಾಗಿ ಮಾತು ಕೊಟ್ಟ.

ಅಲ್ಲೇ ನನ್ನನ್ನು ಜೋಡಿಸಿ ನೋಡಿದರು. ಪ್ರಶ್ನೆ ಬರಲಿಲ್ಲ. ಕಾಶವ್ವನ ಹಾಡಿನ ಹೆಸರು ಟಿವಿಯ ಪಟ್ಟಿಯಲ್ಲಿ ಮೂಡಿತು. ವನಜಾ ಅದನ್ನು ಹಚ್ಚಲು ಹೋದಾಗ ಕಾಶವ್ವ ಅಂಗೈ ಎತ್ತಿ ಬೇಡವೆಂದಳು. ಅರಿಷಿಣದ ದಿನಕ್ಕೇ ಇರಲಿ ಎಂದು ಅದರ ಅರ್ಥ.

ಆ ದಿನ ಅಂಗಳದಲ್ಲಿ ಚಪ್ಪರ. ಟಿವಿಯನ್ನು ಹೊರಗೆ ತಂದು ಮೇಜಿನ ಮೇಲಿಟ್ಟರು. ಕರೆಂಟಿನ ಮೇಲೆ ನಂಬಿಕೆಯಿಲ್ಲದ ಬನಶವ್ವ ಜನರೇಟರ್ ತರಿಸಿದ್ದಳು. ವನಜಾ ಮಣೆಯ ಮೇಲೆ ಕೂತಳು. ಕಾಶವ್ವ ಅರಿಷಿಣದ ಬಟ್ಟಲು ಹಿಡಿದು ಎದುರಿಗೆ ಕೂತಳು. ದಾವಲಸಾಬ ಗುಂಡಿ ಒತ್ತಿದ. ನಾನು ಮೈಯೆಲ್ಲ ಕಿವಿಯಾಗಿ ತಿರುಗಿದೆ.

"ಅರಿಷಿಣ ಹಚ್ಚೇನ ಅಂಗೈಲಿ ತೀಡೇನ..."

ಆ ದನಿ ಕೇಳಿ ಬಹಳ ದಿನವಾಗಿತ್ತು. ಕಾಶವ್ವನಿಗೆ ಸೇರದೆಂದು ಅಂಗಳದಲ್ಲಿ ಒಬ್ಬರೂ ಫೋನು ಎತ್ತಿ ಹಿಡಿಯಲಿಲ್ಲ. ತನ್ನ ಹಾಡಿಗೆ ತಾನೇ ತಲೆದೂಗುತ್ತ ಕಾಶವ್ವ ಸೋದರಸೊಸೆಯ ಕೆನ್ನೆಗೆ, ಕೈಗೆ, ಪಾದಕ್ಕೆ ಮೊದಲ ಅರಿಷಿಣ ಹಚ್ಚಿದಳು. ಕೊಟ್ಟ ಮಾತು ಉಳಿಯಿತು ಅಂತ ನಾನು ಹಿಗ್ಗುವಷ್ಟರಲ್ಲಿ ಆ ಜಾಗ ಬಂದೇಬಿಟ್ಟಿತು. "ಹಾಸಿನ ಎಳಿ ನೂರು..." ಟಿವಿ ಕಪ್ಪಾಯಿತು.

ಕರೆಂಟು ಇತ್ತು, ಜನರೇಟರೂ ಇತ್ತು. ನನ್ನಲ್ಲಿ ಮುಂದಿನದು ಇರಲಿಲ್ಲ. ಕಾಶವ್ವನ ಬಾಯಿ ತೆರೆಯಿತು, ತುಟಿ ಅಲುಗಿತು, ಗಾಳಿ ಮಾತ್ರ ಬಂತು. ಬನಶವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅರ್ಧಕ್ಕೆ ನಿಂತ ಅರಿಷಿಣದ ಹಾಡು ಒಳ್ಳೆಯದಲ್ಲ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಆಗ ಕಾಶವ್ವ ಬಟ್ಟಲು ಕೆಳಗಿಟ್ಟು, ಪಕ್ಕದಲ್ಲಿದ್ದ ಹಿತ್ತಾಳೆಯ ದೊಡ್ಡ ತಟ್ಟೆ, ಪರಾತವನ್ನು ಎಳೆದುಕೊಂಡಳು. ಅರಿಷಿಣದ ಕೈಯಿಂದಲೇ ಹಾಡಿನ ತಾಳ ಬಡಿಯತೊಡಗಿದಳು. ಬಡಿಯುತ್ತ ವನಜಾಳನ್ನೇ ನೋಡಿದಳು. ವನಜಾ ಎಂದೂ ಹಾಡಿದವಳಲ್ಲ. ತನ್ನದು ಎಣ್ಣೆ ಕಾಣದ ಮಗ್ಗದ ದನಿ ಎಂದು ತಾನೇ ನಗುತ್ತಿದ್ದಳು. ಆದರೆ ಕುಂಟೆಬಿಲ್ಲೆ ಆಡುವ ಕಾಲದಿಂದ ಪ್ರತಿ ಅಮಾವಾಸ್ಯೆಗೆ ಆ ಜಾಗದಿಂದ ಮುಂದೆ ಏನು ಬರುತ್ತದೆ ಎಂದು ಕೇಳುತ್ತ ಬೆಳೆದವಳು. ಕೆನ್ನೆಯ ಅರಿಷಿಣದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಮಣೆಯ ಮೇಲಿಂದಲೇ ದನಿ ಎತ್ತಿದಳು.

"...ಹೊಕ್ಕಿನ ಎಳಿ ಒಂದ
ಹರಿದಲ್ಲಿ ಗಂಟು ಹಾಕವ್ವ | ನಮ್ಮವ್ವ
ತವರಿಗೆ ಸುದ್ದಿ ಕಳಿಸವ್ವ"

"ಮದುಮಗಳು ತನ್ನ ಅರಿಷಿಣಕ್ಕ ತಾನ ಹಾಡೂದು ಎಲ್ಲೂ ಕಂಡಿಲ್ಲವಾ," ಎಂದಳು ಒಬ್ಬ ಮುದುಕಿ. "ಕಂಡಿಲ್ಲಂದ್ರ ಈಗ ಕಾಣು," ಎಂದಳು ಬನಶವ್ವ ಮೂಗು ಒರೆಸಿಕೊಳ್ಳುತ್ತ. ದನಿ ಒಡೆದಿತ್ತು, ಶ್ರುತಿ ಹತ್ತೂರು ಅಲೆದಿತ್ತು. ಆದರೂ ಹಾಡು ಮುಗಿಯಿತು. ಕಾಶವ್ವ ಪರಾತ ಬಿಟ್ಟು ಸೊಸೆಯನ್ನು ತಬ್ಬಿಕೊಂಡಳು. ಆಮೇಲೆ ಅದೇ ಕೈಯಿಂದ ನನ್ನ ಬೆನ್ನು ಸವರಿದಳು. ಆ ಹಳದಿ ಕಲೆ ಇನ್ನೂ ಹೋಗಿಲ್ಲ.

ವನಜಾ ರಬಕವಿಗೆ ಹೋದಳು. ನನ್ನನ್ನೂ ಬಾಕ್ಸನ್ನೂ ಕಾಶವ್ವ ತನ್ನ ಮನೆಗೆ ಒಯ್ದು, ಮತ್ತೆ ಅಗಲಬಾರದೆಂದು ಒಂದೇ ಕೆಂಪು ದಾರದಿಂದ ಕಟ್ಟಿದಳು. ಗಂಡಹೆಂಡಿರಿಗೆ ಗಂಟು ಹಾಕಿದ ಹಾಗಾಯಿತು. ಅಮಾವಾಸ್ಯೆಯ ದಿನ ನಾನು ನನ್ನ ಪಾಲಿನದನ್ನು ಹಾಡುತ್ತೇನೆ. ಅದು ಶುರುವಾದ ಕೂಡಲೇ ಕಾಶವ್ವ ಫೋನಿನಲ್ಲಿ ವಿಡಿಯೋ ಕಾಲ್ ಒತ್ತುತ್ತಾಳೆ. ನಾನು ನಿಂತಲ್ಲಿಂದ ಆ ಕಡೆ ವನಜಾ ಮುಂದಿನದನ್ನು ಹಾಡುತ್ತಾಳೆ. ಅಮಾವಾಸ್ಯೆಗೆ ರಬಕವಿಯಲ್ಲೂ ಮಗ್ಗಕ್ಕೆ ರಜೆ.

ಈಗ ನನಗೆ ವಯಸ್ಸಾಯಿತು. ಸೂಜಿ ಟಕ್ ಟಕ್ ಎನ್ನುತ್ತದೆ, ಬಿಲ್ಲೆ ಏಳಲು ತಡವರಿಸುತ್ತದೆ. ಹತ್ತಿಯ ಧೂಳು ಒಳಗೆ ಹೋಯಿತೋ, ಕಾಲವೇ ಮುಗಿಯಿತೋ ತಿಳಿಯದು. ಹೋದ ಅಮಾವಾಸ್ಯೆಗೆ ನಾನು ಏಳಲೇ ಇಲ್ಲ. ಕಾಶವ್ವ ವೈರು ತೆಗೆದು ಮತ್ತೆ ಹಾಕಿದಳು, ಬೆನ್ನು ತಟ್ಟಿದಳು, ಕಿವಿ ಹತ್ತಿರ ತಂದು ಕೇಳಿದಳು. ಟಿವಿ ಕಪ್ಪಗೇ ಇತ್ತು. ನನಗೆ ನಾಚಿಕೆಯಾಯಿತು. ಅವಳು ಫೋನು ತೆಗೆದು ಒತ್ತಿದಳು.

"ಯಾಕ ಅತ್ತಿ, ಇವತ್ತ ಟಿವಿ ಸಪ್ಪಳ ಬರಲಿಲ್ಲಲ್ಲ?" ಎಂದಳು ವನಜಾ. ಕಾಶವ್ವ ಫೋನನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ವನಜಾಳ ತೊಡೆಯ ಮೇಲೆ ಒಂದು ಹೆಣ್ಣು ಕೂಸು ಕೂತಿತ್ತು. ವನಜಾ ನನ್ನನ್ನು ನೋಡಿದಳು. ಕಣ್ಣು ಒರೆಸಿಕೊಂಡಳು.

ಕಾಶವ್ವ ನೆಲದ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದಳು. ಕರೆಂಟು ಹೋದ ಜಾಗದಿಂದಲ್ಲ, ಮೊದಲಿನಿಂದ. ವನಜಾ ಮೊದಲಿನಿಂದಲೇ ಹಾಡಿದಳು, ಪೂರ್ತಿ ಹಾಡಿದಳು. ಕೂಸು ತಾಯಿಯ ಬಾಯಿಯನ್ನೇ ನೋಡುತ್ತ ಕೂತಿತ್ತು.